ಪೆಲೆಟ್ ಒಲೆಯೂ ಬೇರೆ ಛಾಪಿನ ಉರುವಲೂ

ನಿನ್ನೆಯವರೆಗೆ ಸೊಗಸಾಗಿ ಉರಿಯುತ್ತಿದ್ದ ಪೆಲೆಟ್ ಒಲೆಯು ಬೇರೊಂದು ಛಾಪಿನ ಚೀಲವನ್ನು ಬಿಚ್ಚಿದ ದಿನದಿಂದಲೇ ಹೊಗೆಯಾಡತೊಡಗುವುದು, ಅಡುಗೆಯ ನಡುವೆ ಆರಿಹೋಗುವುದು, ಜಾಲರಿಯ ಮೇಲೆ ಕಲ್ಲಿನಂಥ ಕಿಟ್ಟವನ್ನು ಕಟ್ಟಿಕೊಳ್ಳುವುದು, ಇವು ವಸತಿಗೃಹಗಳ ಅಡುಗೆಮನೆಯನ್ನು ನೋಡಿಕೊಳ್ಳುವವರಿಗೆ ಅಪರಿಚಿತವಾದ ಸಂಗತಿಗಳಲ್ಲ. ನಮ್ಮ ವಸತಿಗೃಹದಲ್ಲಿಯೂ ಕಳೆದ ದಸರೆಯ ರಜೆಯ ತರುವಾಯ ಹೀಗೆಯೇ ಆಯಿತು. ಅನ್ನ ಬೇಯುವುದು ತಡವಾಗಿ, ಮಕ್ಕಳು ಅವಸರದಿಂದ ಎರಡು ತುತ್ತು ಉಂಡು ಮಧ್ಯಾಹ್ನದ ತರಗತಿಗೆ ಓಡಿಬಂದ ದಿನಗಳೂ ಉಂಟು. ಆಡಳಿತ ಮಂಡಳಿಯ ಸಭೆಯಲ್ಲಿ ಕೆಲವರು ಹಿರಿಯ ಸದಸ್ಯರು, ಈ ಯಂತ್ರದ ಗೊಡವೆಯೇ ಬೇಡ, ಹಿಂದಿನಂತೆ ಕಟ್ಟಿಗೆಯ ಒಲೆಗಳನ್ನು ಹೂಡಬಾರದೇಕೆ ಎಂದು ಕೇಳಿದರು.

ಪ್ರಶ್ನೆಯು ನ್ಯಾಯವಾದುದೇ. ಆದರೆ ಕಟ್ಟಿಗೆಯ ಒಲೆಗಳ ಮುಂದೆ ವರ್ಷಗಟ್ಟಲೆ ಕಣ್ಣೊರೆಸಿಕೊಳ್ಳುತ್ತ, ಕೆಮ್ಮುತ್ತ ದುಡಿದ ತಾಯಂದಿರನ್ನು ಕೇಳಿದಾಗ ಅವರ ಉತ್ತರ ಬೇರೆಯಾಗಿತ್ತು. ಅಡುಗೆಮನೆಯ ಹೊಗೆಯನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಮನೆಗಳ ಒಳಗಿನ ಉರುವಲಿನ ಹೊಗೆಯಿಂದಾಗಿ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನರು ಅಕಾಲ ಮರಣಕ್ಕೆ ಈಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಆದುದರಿಂದ ಒಲೆಯನ್ನು ಮೂಲೆಗೆ ಸೇರಿಸುವ ಮುನ್ನ, ಉರುವಲು ಬದಲಾದಾಗ ಅದರೊಳಗೆ ಏನು ಬದಲಾಗುತ್ತದೆ, ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ತಿಳಿಯುವುದು ಲೇಸು. ನಮ್ಮ ಗಡಿನಾಡಿನ ಬೇರೆ ಶಾಲೆಗಳ ವಸತಿಗೃಹಗಳಿಗೂ ಇದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆದಿದ್ದೇನೆ.

ಮೊದಲು ಪೆಲೆಟ್ ಎಂದರೇನೆಂಬುದನ್ನು ನೋಡೋಣ. ಮರದ ಹೊಟ್ಟು, ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆ, ತೊಗರಿಯ ಕಟ್ಟಿಗೆ, ಭತ್ತದ ಹೊಟ್ಟು ಮೊದಲಾದ ಹಗುರವಾದ ಪದಾರ್ಥಗಳನ್ನು ಒಣಗಿಸಿ, ಪುಡಿಮಾಡಿ, ತೂತುಗಳುಳ್ಳ ಉಕ್ಕಿನ ಅಚ್ಚಿನ ಮೂಲಕ ಭಾರಿ ಒತ್ತಡದಿಂದ ಹೊರದೂಡುವರು. ಶಾವಿಗೆಯ ಒರಳಿನಲ್ಲಿ ಹಿಟ್ಟನ್ನು ಒತ್ತುವ ರೀತಿಯೇ ಇದು. ಒತ್ತಡದ ಶಾಖಕ್ಕೆ ಸಸ್ಯದಲ್ಲಿ ಸಹಜವಾಗಿಯೇ ಇರುವ ಲಿಗ್ನಿನ್ ಎಂಬ ದ್ರವ್ಯವು ಮೆತ್ತಗಾಗಿ ಅಂಟಿನಂತೆ ಕೆಲಸಮಾಡುವುದು; ತಣಿದ ಮೇಲೆ ತುಂಡು ಗಟ್ಟಿಯಾಗಿ ನಿಲ್ಲುವುದು. ಮನೆಯೊಲೆಗಳಿಗೆ ಸಾಮಾನ್ಯವಾಗಿ ೬ ಅಥವಾ ೮ ಮಿಲಿಮೀಟರ್ ದಪ್ಪದ ತುಂಡುಗಳು ಬರುತ್ತವೆ. ನಮ್ಮ ಅಡುಗೆಯವರು ಇದನ್ನು ‘ಕಾಳು’ ಎಂದೇ ಕರೆಯುವರು. ಹೊರಗಿನಿಂದ ನೋಡಿದರೆ ಒಂದು ಛಾಪಿನ ಕಾಳಿಗೂ ಇನ್ನೊಂದು ಛಾಪಿನ ಕಾಳಿಗೂ ಬಣ್ಣದ ಹೊರತು ಭೇದವೇ ಕಾಣದು. ತೊಡಕು ಹುಟ್ಟುವುದೂ ಇಲ್ಲಿಯೇ.

ಒಲೆಯ ರಚನೆ ಸರಳವಾದುದು. ಮೇಲೊಂದು ತೊಟ್ಟಿ, ಹಿಟ್ಟಿನ ಗಿರಣಿಯ ಮೇಲೆ ಕಾಳು ಸುರಿಯುವ ತೊಟ್ಟಿಯಂತೆಯೇ. ಅದರ ಬುಡದಲ್ಲಿ ಒಂದು ತಿರುಪಿನ ದಂಡ ಮೆಲ್ಲಗೆ ತಿರುಗುತ್ತ ಕಾಳನ್ನು ಬೆಂಕಿಯ ಬಟ್ಟಲಿಗೆ ನೂಕುವುದು. ಬಟ್ಟಲಿನ ತಳದಲ್ಲಿ ತೂತುಗಳುಳ್ಳ ಜಾಲರಿ. ಕಮ್ಮಾರನ ತಿದಿಯ ಬದಲಿಗೆ ಒಂದು ಚಿಕ್ಕ ಫ್ಯಾನು ಗಾಳಿಯನ್ನು ಎರಡು ದಾರಿಗಳಿಂದ ಊದುವುದು. ಜಾಲರಿಯ ಕೆಳಗಿನಿಂದ ಬಂದ ಗಾಳಿಯು ಕಾಳನ್ನು ಕಾಯಿಸಿ ಅದರ ಬಹುಭಾಗವನ್ನು ಅನಿಲವಾಗಿ ಮಾರ್ಪಡಿಸುತ್ತದೆ. ಬಟ್ಟಲಿನ ಅಂಚಿನ ಸಣ್ಣ ರಂಧ್ರಗಳಿಂದ ಬಂದ ಗಾಳಿಯು ಆ ಅನಿಲವನ್ನು ಉರಿಸುತ್ತದೆ. ಹೊಗೆ ಎಂದರೆ ಉರಿಯದೆ ಉಳಿದ ಉರುವಲೇ ಅಲ್ಲವೆ? ಎರಡನೆಯ ಗಾಳಿಯು ಸರಿಯಾಗಿ ದೊರೆತರೆ ಹೊಗೆಯೇ ಉರಿದು ಶಾಖವಾಗುವುದು. ನಮ್ಮಲ್ಲಿ ಒಯ್ಯಬಲ್ಲ ಒಲೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ ೨೦೧೩ರಲ್ಲಿ ಗೊತ್ತುಪಡಿಸಿದ ಮಾನಕದಲ್ಲಿ, ಗಾಳಿ ಊದದ ಒಲೆಗೆ ಕನಿಷ್ಠ ಶೇಕಡಾ ೨೫ರ ಶಾಖದಕ್ಷತೆಯನ್ನೂ, ಫ್ಯಾನಿನಿಂದ ಊದುವ ಒಲೆಗೆ ಶೇಕಡಾ ೩೫ರ ದಕ್ಷತೆಯನ್ನೂ ವಿಧಿಸಿರುವುದು ಈ ಕಾರಣದಿಂದಲೇ.

ಈ ವಿದ್ಯೆಯಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಅರಿತಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎಚ್. ಎಸ್. ಮುಕುಂದ ಅವರೂ ಅವರ ಸಂಗಡಿಗರೂ ಇಂಥ ಅನಿಲೀಕರಣದ ಒಲೆಗಳ ಮೇಲೆ ದೀರ್ಘಕಾಲ ಸಂಶೋಧನೆ ನಡೆಯಿಸಿದರು. ಅಲ್ಲಿ ರೂಪುಗೊಂಡ ಒಲೆಯನ್ನು ಬಿ.ಪಿ. ಎಂಬ ತೈಲ ಸಂಸ್ಥೆಯು ೨೦೦೦ದ ದಶಕದ ಉತ್ತರಾರ್ಧದಲ್ಲಿ ‘ಊರ್ಜಾ’ ಎಂಬ ಹೆಸರಿನಿಂದ ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಮಾರಿತು; ನಾಲ್ಕು ಲಕ್ಷಕ್ಕೂ ಹೆಚ್ಚು ಒಲೆಗಳು ಮನೆಗಳನ್ನು ಸೇರಿದವು. ಹೊಲದ ತ್ಯಾಜ್ಯಗಳ ಬೆಲೆ ಏರಿದಂತೆ ಪೆಲೆಟಿನ ಬೆಲೆಯೂ ಏರಿತು. ಮನೆಗಳಲ್ಲಿ ಬಳಕೆ ಕುಗ್ಗಿ, ಹೋಟೆಲು ಮತ್ತು ದೊಡ್ಡ ಅಡುಗೆಮನೆಗಳ ಒಲೆಗಳತ್ತ ವ್ಯಾಪಾರವು ತಿರುಗಿತು. ಒಲೆ ಎಷ್ಟು ಉತ್ತಮವಾದುದಾದರೂ ಅದರ ಭವಿಷ್ಯವನ್ನು ಚೀಲದ ಉರುವಲೇ ನಿರ್ಧರಿಸಿತೆಂಬುದು ಇಲ್ಲಿ ಗಮನಿಸಬೇಕಾದ ಮಾತು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಿರುಪಿನ ದಂಡಕ್ಕೆ ತಕ್ಕಡಿಯಿಲ್ಲ. ಅದು ಕಾಳನ್ನು ತೂಗಿ ಕೊಡುವುದಿಲ್ಲ, ಅಳೆದು ಕೊಡುವುದು. ಒಂದು ಶೇರು ಜೋಳವೂ ಒಂದು ಶೇರು ಚುರುಮುರಿಯೂ ಅಳತೆಗೆ ಒಂದೇ. ತೂಕಕ್ಕೂ ಹಸಿವೆಗೂ ಒಂದೇ ಅಲ್ಲ. ಹಾಗೆಯೇ, ಗಿಡ್ಡ ತುಂಡುಗಳು ಒತ್ತಾಗಿ ಕೂಡುವುದರಿಂದ ಒಂದು ಸುತ್ತಿಗೆ ಹೆಚ್ಚು ತೂಕದ ಉರುವಲು ಬಟ್ಟಲಿಗೆ ಬೀಳುತ್ತದೆ. ಉದ್ದ ತುಂಡುಗಳ ನಡುವೆ ಬಯಲು ಹೆಚ್ಚಾದುದರಿಂದ ಕಡಿಮೆ ಬೀಳುತ್ತದೆ. ಹಳೆಯ ಕಾಳು ಒಂದು ಲೀಟರ್ ಡಬ್ಬಿಗೆ ೬೫೦ ಗ್ರಾಂ ತೂಗುತ್ತಿತ್ತು, ಹೊಸದು ೫೮೦ ಗ್ರಾಂ ತೂಗುತ್ತದೆ ಎಂದು ಭಾವಿಸೋಣ. ಗುಂಡಿ ಇದ್ದಲ್ಲಿಯೇ ಇದ್ದರೂ ಒಲೆಗೆ ಬೀಳುವ ಉರುವಲು ಶೇಕಡಾ ೧೧ರಷ್ಟು ಕಡಿಮೆಯಾಯಿತು. ಇದರ ಮೇಲೆ, ಹಳೆಯದು ಕಿಲೋಗೆ ೪,೦೦೦ ಕಿಲೋಕ್ಯಾಲೊರಿ ಶಾಖ ಕೊಡುವ ಮರದ ಹೊಟ್ಟಿನದು, ಹೊಸದು ೩,೨೦೦ ಕೊಡುವ ಹೊಲದ ತ್ಯಾಜ್ಯದ್ದು ಎಂದಾದರೆ, ಎರಡೂ ಕೊರತೆಗಳು ಕೂಡಿ ಪಾತ್ರೆಯ ಕೆಳಗಿನ ಶಾಖವು ಶೇಕಡಾ ೨೯ರಷ್ಟು ಇಳಿಯಿತು. ಒಲೆಯಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಹನ್ನೆರಡು ಗಂಟೆಗೆ ಇಳಿಯಬೇಕಾದ ಅನ್ನವು ಒಂದು ಗಂಟೆಗೆ ಇಳಿಯದು.

ಇದಕ್ಕೆ ಪ್ರತಿಯಾದ ತೊಂದರೆಯೂ ಉಂಟು. ಹೊಸ ಕಾಳು ಗಿಡ್ಡವಾಗಿ ಭಾರವಾಗಿದ್ದರೆ ಬಟ್ಟಲಿನಲ್ಲಿ ಉರುವಲು ರಾಶಿಬಿದ್ದು, ಬರುವ ಗಾಳಿ ಸಾಲದೆ, ಜ್ವಾಲೆ ಮಂದವಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ ತುದಿಯಲ್ಲಿ ಮಸಿಯನ್ನು ಬಿಡುವುದು. ಅತಿ ಉದ್ದದ ತುಂಡುಗಳಾದರೆ ಇನ್ನೊಂದು ಚೇಷ್ಟೆ: ತೊಟ್ಟಿಯ ಕೊರಳಿನಲ್ಲಿ ಅವು ಅಡ್ಡಡ್ಡ ಬಿದ್ದು ಕಮಾನು ಕಟ್ಟಿಕೊಳ್ಳುವುವು. ಮೇಲೆ ತುಂಬ ಕಾಳಿದ್ದರೂ ಕೆಳಗೆ ತಿರುಪು ಬರಿದೇ ತಿರುಗುವುದು, ಬೆಂಕಿ ಆರುವುದು. ಗಿರಣಿಯವನು ಆಗಾಗ ತೊಟ್ಟಿಯನ್ನು ಕೋಲಿನಿಂದ ತಟ್ಟುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ಪೆಲೆಟಿನ ಅಂತರರಾಷ್ಟ್ರೀಯ ಮಾನಕವು ತುಂಡಿನ ಉದ್ದ ೪೦ ಮಿಲಿಮೀಟರನ್ನು ಮೀರಬಾರದೆಂದು ಹೇಳಿರುವುದು ಸುಮ್ಮನೆ ಅಲ್ಲ.

ಎರಡನೆಯದಾಗಿ ಬೂದಿಯ ವಿಚಾರ. ನನ್ನ ಅಭಿಪ್ರಾಯದಲ್ಲಿ ಉರುವಲು ಬದಲಾದಾಗಿನ ಉಪದ್ರವಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದರಿಂದಲೇ ಹುಟ್ಟುತ್ತವೆ. ಮೇಲೆ ಹೇಳಿದ ಮಾನಕದ ಪ್ರಕಾರ ಅತ್ಯುತ್ತಮ ದರ್ಜೆಯ ಮರದ ಪೆಲೆಟಿನಲ್ಲಿ ಬೂದಿ ಶೇಕಡಾ ೦.೭ನ್ನು ಮೀರಕೂಡದು. ಹುಲ್ಲು, ಸಿಪ್ಪೆ, ಹೊಟ್ಟು ಮೊದಲಾದವುಗಳ ಪೆಲೆಟಿಗೆ ಪ್ರತ್ಯೇಕ ಮಾನಕವಿದ್ದು, ಅದರಲ್ಲಿ ಮೊದಲ ದರ್ಜೆಗೆ ಶೇಕಡಾ ೬, ಎರಡನೆಯ ದರ್ಜೆಗೆ ಶೇಕಡಾ ೧೦ ಬೂದಿಗೆ ಅವಕಾಶವಿದೆ. ಬರಿಯ ಭತ್ತದ ಹೊಟ್ಟಿನಲ್ಲಾದರೋ ತೂಕದ ಶೇಕಡಾ ೧೫ರಿಂದ ೨೦ರವರೆಗೆ ಬೂದಿಯೇ. ದಿನಕ್ಕೆ ೨೦ ಕಿಲೋ ಉರಿಸುವ ಒಲೆಯಲ್ಲಿ ಮೊದಲನೆಯದರಿಂದ ೧೪೦ ಗ್ರಾಂ ಬೂದಿ ಬಂದರೆ, ಶೇಕಡಾ ೬ರದರಿಂದ ೧ ಕಿಲೋ ೨೦೦ ಗ್ರಾಂ, ಭತ್ತದ ಹೊಟ್ಟಿನದರಿಂದ ೩ ಕಿಲೋಗೂ ಮಿಗಿಲು ಬರುವುದು. ವಾರಕ್ಕೊಮ್ಮೆ ಗುಡಿಸಿದರೆ ಸಾಕಾಗಿದ್ದ ಒಲೆಯನ್ನು ಈಗ ದಿನಕ್ಕೆರಡು ಬಾರಿ ಗುಡಿಸಬೇಕು. ಇದನ್ನು ಅಡುಗೆಯವರಿಗೆ ಯಾರೂ ಹೇಳದಿದ್ದರೆ ಜಾಲರಿಯ ತೂತುಗಳು ಮುಚ್ಚಿಹೋಗಿ, ಗಾಳಿ ನಿಂತು, ಹೊಗೆ ಏಳುವುದರಲ್ಲಿ ಆಶ್ಚರ್ಯವೇನು?

ಬೂದಿಯ ಪ್ರಮಾಣಕ್ಕಿಂತಲೂ ಅದರ ಗುಣ ಕೆಲವೊಮ್ಮೆ ಹೆಚ್ಚು ಕಾಡುವುದು. ಮರಳಿನ ಮುಖ್ಯ ದ್ರವ್ಯವಾದ ಸಿಲಿಕಾ ತಾನೊಂದೇ ಕರಗಬೇಕಾದರೆ ಸುಮಾರು ೧,೭೦೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದಕ್ಕೆ ಸೋಡವನ್ನೋ ಪೊಟ್ಯಾಷನ್ನೋ ಬೆರೆಸಿದರೆ ಬಹಳ ಕಡಿಮೆ ಶಾಖದಲ್ಲಿಯೇ ಕರಗಿ ಗಾಜಾಗುತ್ತದೆ. ಬಳೆಯ ಭಟ್ಟಿಯ ವಿದ್ಯೆಯೇ ಅದು. ಹುಲ್ಲು, ದಂಟು, ರವದಿಗಳಲ್ಲಿ ಸಿಲಿಕಾವೂ ಉಂಟು, ಪೊಟ್ಯಾಷೂ ಉಂಟು. ಹೊಲದಿಂದ ಗುಡಿಸಿ ತಂದ ಕಚ್ಚಾಮಾಲಿನಲ್ಲಿ ಮಣ್ಣು ಸೇರಿದ್ದರೆ ಇನ್ನಷ್ಟು. ಆದುದರಿಂದ ಮರದ ಬೂದಿಯು ಪುಡಿಯಾಗಿಯೇ ಉಳಿಯುವ ಶಾಖದಲ್ಲಿ ಈ ಬೂದಿಯು ಮೆತ್ತಗಾಗಿ, ತಣಿದಾಗ ಜಾಲರಿಗೆ ಗಾಜಿನಂತೆ ಅಂಟಿಕೊಳ್ಳುವುದು. ಇದನ್ನೇ ಕಿಟ್ಟವೆನ್ನುವುದು. ಹೊಸ ಚೀಲದಿಂದ ಪುಡಿಬೂದಿ ಬಂದರೆ ಹೆಚ್ಚು ಬಾರಿ ಗುಡಿಸಿದರೆ ತೀರಿತು. ಕಿಟ್ಟ ಬಂದರೆ ಆ ಉರುವಲಿನ ವಿಷಯದಲ್ಲಿ ಎರಡು ಬಾರಿ ಯೋಚಿಸಬೇಕು. ಗಾಳಿಯನ್ನು ಅತಿಯಾಗಿ ಊದಿ ಬಟ್ಟಲನ್ನು ಕೆಂಡದಂತೆ ಕಾಯಿಸಿದಷ್ಟೂ ಕಿಟ್ಟವು ಹೆಚ್ಚುವುದೆಂಬುದನ್ನು ಮರೆಯಬಾರದು.

ತೇವವು ಮೂರನೆಯ ಶತ್ರು. ಪೆಲೆಟಿಗೆ ನೀರೆಂದರೆ ಆಗದು. ಮಳೆಗಾಲದ ಗೋಡೆಗೆ ತಾಗಿಸಿಟ್ಟ ಚೀಲವೂ ಉಬ್ಬಿ ಹೊಟ್ಟಾಗುವುದು. ೨೦ ಕಿಲೋ ಉರುವಲಿನಲ್ಲಿ ತೇವವು ಶೇಕಡಾ ೮ರಿಂದ ೧೪ಕ್ಕೆ ಏರಿತೆಂದರೆ ೧ ಕಿಲೋ ೨೦೦ ಗ್ರಾಂ ನೀರನ್ನು ಉರುವಲಿನ ಬೆಲೆಗೆ ಕೊಂಡಂತಾಯಿತು. ಆ ನೀರನ್ನು ಆವಿಮಾಡಲು ಇನ್ನೂ ೬೫೦ ಕಿಲೋಕ್ಯಾಲೊರಿಯಷ್ಟು ಶಾಖ ವ್ಯಯವಾಗುವುದು. ಲೆಕ್ಕದಲ್ಲಿ ಇದು ಭಾರಿ ನಷ್ಟವೇನೂ ಅಲ್ಲ. ಆದರೆ ತೇವದ ಕಾಳು ಬೇಗ ಹೊತ್ತದು, ತಿರುಪಿನಲ್ಲಿ ಪುಡಿಯಾಗುವುದು, ಆ ಪುಡಿಯು ತೊಟ್ಟಿಯ ಮೂಲೆಗಳಲ್ಲಿ ಗಟ್ಟಿಗಟ್ಟಿ ದಾರಿಯನ್ನು ಕಿರಿದುಮಾಡುವುದು. ಚೀಲದ ತಳದ ಪುಡಿಯನ್ನು ಹಾಗೆಯೇ ತೊಟ್ಟಿಗೆ ಸುರಿಯುವ ರೂಢಿಯನ್ನು ಬಿಡಿಸಬೇಕು. ಜರಡಿಯಲ್ಲಿ ಸೋಸಿ, ಉಳಿದ ಪುಡಿಯನ್ನು ಸಗಣಿಯೊಡನೆ ಕಲಸಿ ಕುಳ್ಳು ತಟ್ಟಿದರೆ ಹಾಳಾಗುವುದಿಲ್ಲ.

ಇಷ್ಟು ಕಾರಣಗಳಿರುವಾಗ ನಮ್ಮ ಒಲೆಯಲ್ಲಿ ಯಾವುದು ಕೆಲಸಮಾಡುತ್ತಿದೆಯೆಂದು ಹೇಗೆ ತಿಳಿಯುವುದು? ‘ಗುರುಗಳ, ಕಾಳು ಬ್ಯಾರೆ ಬಂದದರಿ, ಒಲಿಗಿ ಒಗ್ಗವಲ್ದು’ ಎಂದು ನಮ್ಮ ಹಿರಿಯ ಅಡುಗೆಯವ್ವ ಹೇಳಿದರು. ಒಲೆ ರಿಪೇರಿಯವನು ಬಂದು, ಫ್ಯಾನು ಹೋಗಿದೆ, ಬದಲಾಯಿಸಬೇಕೆಂದನು. ಚೀಲ ತಂದ ವ್ಯಾಪಾರಿಯು, ತನ್ನ ಮಾಲಿನಲ್ಲಿ ದೋಷವೇ ಇಲ್ಲವೆಂದನು. ಮೂವರ ಮಾತನ್ನೂ ಕೇಳಿ ಏಕಕಾಲಕ್ಕೆ ಫ್ಯಾನನ್ನೂ ಚೀಲವನ್ನೂ ಗುಂಡಿಗಳನ್ನೂ ಬದಲಾಯಿಸಿದರೆ ಒಲೆ ಸರಿಯಾದರೂ ಯಾವುದರಿಂದ ಸರಿಯಾಯಿತೆಂಬುದು ತಿಳಿಯದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದೆಂಬ ಪ್ರಯೋಗಶಾಲೆಯ ನಿಯಮವು ಅಡುಗೆಮನೆಗೂ ಸಲ್ಲುವುದು.

ಮೊದಲು ಮಾಡತಕ್ಕುದು ಒಲೆಯನ್ನು ಪೂರ್ತಿ ತಣಿಸಿ ಶುಚಿಮಾಡುವುದು: ಬಟ್ಟಲು, ಜಾಲರಿಯ ಒಂದೊಂದು ತೂತು, ಕೆಳಗಿನ ಬೂದಿಯ ಗೂಡು, ಹೊಗೆಕೊಳವೆಯ ಮೊಣಕೈ, ಫ್ಯಾನಿನ ರೆಕ್ಕೆಗಳು. ತೊಟ್ಟಿಯಲ್ಲಿ ಉಳಿದ ಕಾಳನ್ನೂ ತೆಗೆದು ತಿರುಪಿನ ದಾರಿಯನ್ನು ಬರಿದುಮಾಡಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ ಎರಡೂ ಬೆರೆತು ಒಂದೆರಡು ದಿನ ಲಕ್ಷಣಗಳೇ ಗೊಂದಲವಾಗುವುವು. ಮೊದಲ ದಿನ ಚೆನ್ನಾಗಿತ್ತು, ಮೂರನೆಯ ದಿನ ಕೆಟ್ಟಿತು ಎಂಬ ದೂರಿಗೆ ಅನೇಕ ಸಲ ಇದೇ ಕಾರಣ. ತರುವಾಯ ಹಳೆಯ ಛಾಪಿನ ಕಾಳನ್ನೇ ಹಾಕಿ ಒಂದು ಹೊತ್ತು ಉರಿಸಬೇಕು. ಒಲೆಯು ಹಿಂದಿನಂತೆ ಉರಿದರೆ ದೋಷ ಹೊಸ ಉರುವಲಿನಲ್ಲಿ ಅಥವಾ ಅದಕ್ಕೆ ಹೊಂದದ ಗುಂಡಿಗಳಲ್ಲಿದೆ. ಹಳೆಯ ಕಾಳಿನಲ್ಲಿಯೂ ಹೊಗೆಯಾಡಿದರೆ ಒಲೆಯಲ್ಲಿಯೇ ಹುಡುಕಬೇಕು. ಇದಕ್ಕಾಗಿ ಪ್ರತಿಯೊಂದು ಒಳ್ಳೆಯ ಚೀಲದಿಂದ ಐದು ಕಿಲೋದಷ್ಟನ್ನು ಮುಚ್ಚಳದ ಡಬ್ಬಿಯಲ್ಲಿ ಕಾದಿಡುವ ಪದ್ಧತಿಯನ್ನು ನಾವು ಹಾಕಿಕೊಂಡಿದ್ದೇವೆ.

ನಮ್ಮಲ್ಲಿ ಈ ಪರೀಕ್ಷೆಯಿಂದ ಕಂಡುಬಂದುದು ಸ್ವಾರಸ್ಯವಾಗಿತ್ತು. ಹಳೆಯ ಕಾಳನ್ನು ಹಾಕಿದಾಗ ಕಿಟ್ಟವೂ ಬೆಳಗಿನ ಹೊಗೆಯೂ ನಿಂತವು. ಆದರೆ ಹನ್ನೊಂದು ಗಂಟೆಯ ಸುಮಾರಿಗೆ ಜ್ವಾಲೆ ಕುಗ್ಗುವುದು ಮಾತ್ರ ನಿಲ್ಲಲಿಲ್ಲ. ಆ ವೇಳೆಗೆ ಸುತ್ತಲಿನ ತೋಟಗಳ ಪಂಪುಗಳು ನಡೆಯುತ್ತಿದ್ದು ವಿದ್ಯುತ್ತಿನ ಒತ್ತಡ ಇಳಿಯುತ್ತಿತ್ತು. ಫ್ಯಾನು ತಿರುಗುತ್ತಿದ್ದರೂ ಅರ್ಧ ಉಸಿರಿನಲ್ಲಿ ತಿರುಗುತ್ತಿತ್ತು. ಎಂದರೆ ಚೀಲವೂ ಅಪರಾಧಿ, ವಿದ್ಯುತ್ತೂ ಅಪರಾಧಿ. ಫ್ಯಾನು ಮಾತ್ರ ನಿರಪರಾಧಿ. ಒಂದು ವೋಲ್ಟೇಜ್ ಸ್ಟೆಬಿಲೈಸರನ್ನು ಜೋಡಿಸಿದ ಮೇಲೆ ಆ ತೊಂದರೆ ನೀಗಿತು.

ಚೀಲದ ಪರೀಕ್ಷೆಗೆ ಪ್ರೌಢಶಾಲೆಯ ಪ್ರಯೋಗಶಾಲೆಯೇ ಸಾಕು. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಹಬ್ಬದಂತೆ ಮಾಡಿದರು. ಒಂದು ಲೀಟರ್ ಅಳತೆಯ ಡಬ್ಬಿಯನ್ನು ತುಂಬಿ ತೂಗುವುದು. ೬೦೦ ಗ್ರಾಂಗಿಂತ ಕಡಿಮೆಯಾದರೆ ಒತ್ತಡ ಸಾಲದ ಅಥವಾ ಅತಿ ಉದ್ದದ ಕಾಳೆಂದು ತಿಳಿಯಬೇಕು. ಒಂದು ಲೋಟ ನೀರಿಗೆ ನಾಲ್ಕು ತುಂಡು ಹಾಕಿ ನೋಡುವುದು; ಚೆನ್ನಾಗಿ ಒತ್ತಿದ ಕಾಳು ಕೂಡಲೇ ಮುಳುಗಿ, ಕೆಲವು ನಿಮಿಷಗಳಲ್ಲಿ ಬಿರಿದು ಹೊಟ್ಟಾಗುವುದು; ಸಡಿಲವಾದುದು ತೇಲುವುದು. ಬೆರಳುಗಳ ನಡುವೆ ಮುರಿದಾಗ ಟಕ್ಕೆಂದು ಮುರಿಯಬೇಕು. ಮೆತ್ತಗೆ ಬಾಗಿ ಪುಡಿಯಾದರೆ ತೇವವಿದೆ. ಬೂದಿಗಾಗಿ ನೂರು ಗ್ರಾಂ ಕಾಳನ್ನು ಕಬ್ಬಿಣದ ಚಿಕ್ಕ ಬಾಣಲೆಯಲ್ಲಿ ಹಾಕಿ, ಬಯಲಿನಲ್ಲಿ, ಶಿಕ್ಷಕರ ಎದುರಿನಲ್ಲಿ, ಕಪ್ಪು ಚೂರು ಉಳಿಯದಂತೆ ಸುಟ್ಟು ತೂಗಿದರೆ ಶೇಕಡಾವಾರು ಪ್ರಮಾಣವು ಹೆಚ್ಚುಕಡಮೆ ತಾನಾಗಿಯೇ ಸಿಕ್ಕುವುದು. ಸಂಸ್ಥೆಗಳ ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲದಿದ್ದರೂ ಎರಡು ಚೀಲಗಳನ್ನು ಹೋಲಿಸಲು ಧಾರಾಳವಾಗಿ ಸಾಲುತ್ತದೆ.

ಹೊಸ ಕಾಳನ್ನೇ ಬಳಸುವುದು ಅನಿವಾರ್ಯವಾದರೆ ಗುಂಡಿಗಳನ್ನು ಹೊಂದಿಸಬೇಕು. ಶುಚಿಯಾದ ಒಲೆಯಲ್ಲಿ ಮೊದಲು ಗಾಳಿಯನ್ನು, ಆಮೇಲೆ ಕಾಳಿನ ಪ್ರಮಾಣವನ್ನು ತಿದ್ದುವುದು ಕ್ರಮ. ಒಂದು ಗೆರೆಯಷ್ಟು ತಿರುಗಿಸಿ ಹದಿನೈದು ನಿಮಿಷ ಕಾಯಬೇಕು. ಬಟ್ಟಲಿನಲ್ಲಿ ಆಗಲೇ ಬಿದ್ದ ಉರುವಲು ಕಳೆದು ಹೊಸ ಅಳತೆಯದು ಬರುವವರೆಗೆ ಜ್ವಾಲೆಯು ನಿಜವನ್ನು ಹೇಳದು. ತಿಳಿಹಳದಿ ಬಣ್ಣದ, ಚುರುಕಾಗಿ ಆಡುವ, ಹೊಗೆಯಿಲ್ಲದ ಜ್ವಾಲೆ ಸರಿಯಾದುದು. ಎತ್ತರವಾಗಿ, ಸೋಮಾರಿಯಾಗಿ, ಕಿತ್ತಳೆಯಾಗಿ ತೂಗಾಡುತ್ತ ಪಾತ್ರೆಯ ತಳಕ್ಕೆ ಮಸಿ ಹಿಡಿಸಿದರೆ ಗಾಳಿ ಕಡಿಮೆ ಅಥವಾ ಕಾಳು ಹೆಚ್ಚು. ಗಿಡ್ಡವಾಗಿ ಭೋರೆಂದು, ಉರಿಯುವ ಚೂರುಗಳನ್ನು ಹೊರಕ್ಕೆ ಎಸೆದರೆ ಗಾಳಿ ಅತಿಯಾಯಿತು. ಬಟ್ಟಲಿನಲ್ಲಿ ಅರ್ಧಸುಟ್ಟ ಕರಿಕಾಳು ರಾಶಿಬಿದ್ದಿದ್ದರೆ ಕಾಳಿನ ವೇಗವನ್ನು ತಗ್ಗಿಸಬೇಕು. ಬೂದಿ ಮಾತ್ರ ಉಳಿದು ಬೆಂಕಿ ಹಸಿದಂತೆ ಕಂಡರೆ ಹೆಚ್ಚಿಸಬೇಕು. ಹೊಂದಿದ ಸ್ಥಾನವನ್ನು ಛಾಪಿನ ಹೆಸರಿನೊಡನೆ ಗೋಡೆಯ ಮೇಲೆ ಬರೆದಿಟ್ಟರೆ ಅಡುಗೆಯವರು ಬದಲಾದರೂ ಅಡ್ಡಿಯಿಲ್ಲ.

ತೊಟ್ಟಿಯಿಲ್ಲದ, ಒಮ್ಮೆ ತುಂಬಿ ಮೇಲಿನಿಂದ ಹೊತ್ತಿಸುವ ಚಿಕ್ಕ ಒಲೆಗಳಿಗೆ ತಿರುಪಿನ ಮಾತು ಸಲ್ಲದು. ಅಲ್ಲಿ ಹಗುರವಾದ ಕಾಳು ಬಂದರೆ ಬೆಂಕಿಯ ಅವಧಿ ಕಿರಿದಾಗುವುದು, ಪುಡಿ ಹೆಚ್ಚಿದ್ದರೆ ಕೆಳಗಿನ ಗಾಳಿ ಮೇಲೇರದೆ ಅನಿಲವೇ ಹುಟ್ಟದು. ಸಾರು ಅರ್ಧ ಕುದಿಯುವಾಗ ಆರಿತೆಂದು ಮೇಲಿನಿಂದ ಕಾಳು ಸುರಿಯಬಾರದು. ಹೊಗೆಯ ಹೊರತು ಬೇರೇನೂ ದೊರೆಯದು.

ಚಳಿಯ ದೇಶಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಈ ಸಂಚಿಕೆಯನ್ನು ಓದುವುದರಿಂದ ಅವರಿಗೂ ಒಂದು ಮಾತು. ಅಮೇರಿಕದಲ್ಲಿ ೧೯೮೦ರ ದಶಕದಿಂದ ಮನೆಯನ್ನು ಬೆಚ್ಚಗಿಡುವ ಪೆಲೆಟ್ ಒಲೆಗಳು ಬಳಕೆಗೆ ಬಂದವು. ಯುರೋಪಿನಲ್ಲಿಯೂ ಅವು ವಿಪುಲವಾಗಿವೆ. ಅವುಗಳಲ್ಲಿ ತಾನಾಗಿ ಹೊತ್ತಿಸುವ ಸಲಕರಣೆಯೂ, ಹೊಗೆ ಎಳೆಯುವ ಫ್ಯಾನೂ, ಎಳೆತ ಕಡಿಮೆಯಾದೊಡನೆ ಒಲೆಯನ್ನು ನಿಲ್ಲಿಸುವ ಸ್ವಿಚ್ಚೂ ಇರುವುವು. ಛಾಪು ಬದಲಾದ ವಾರದಲ್ಲಿ ಒಲೆ ತಾನಾಗಿಯೇ ನಿಂತರೆ ಸ್ವಿಚ್ಚು ಕೆಟ್ಟಿತೆಂದು ಹಣ ತೆರುವ ಮುನ್ನ ಹೊಗೆಕೊಳವೆಯಲ್ಲಿ ಬೂದಿ ತುಂಬಿದೆಯೇ, ಬಾಗಿಲಿನ ಸುತ್ತಲಿನ ಹಗ್ಗದಂಥ ಪಟ್ಟಿ ಸವೆದಿದೆಯೇ ಎಂದು ನೋಡಬೇಕು. ಗಟ್ಟಿಮರದ ಪೆಲೆಟೇ ಶ್ರೇಷ್ಠವೆಂಬ ನಂಬಿಕೆಗೆ ಆಧಾರ ಕಡಿಮೆ. ಸಮತೂಕದಲ್ಲಿ ಪೈನ್ ಮೊದಲಾದ ಮೆತ್ತನೆಯ ಮರದ್ದೂ ಅಷ್ಟೇ, ಕೆಲವೊಮ್ಮೆ ತುಸು ಹೆಚ್ಚೇ ಶಾಖ ಕೊಡುತ್ತದೆ.

ಬೆಲೆಯ ವಿಚಾರದಲ್ಲಿ ಮಂಡಳಿಯ ಸದಸ್ಯರು ಲಕ್ಷ್ಯವಿಡಬೇಕು. ಕಿಲೋಗೆ ೧೨ ರೂಪಾಯಿಯ, ೪,೦೦೦ ಕಿಲೋಕ್ಯಾಲೊರಿಯ ಕಾಳು ಒಂದು ಕಡೆ. ೧೦ ರೂಪಾಯಿಯ, ೩,೨೦೦ ಕಿಲೋಕ್ಯಾಲೊರಿಯದು ಇನ್ನೊಂದು ಕಡೆ ಎಂದಿಟ್ಟುಕೊಳ್ಳಿ. ಸಾವಿರ ಕಿಲೋಕ್ಯಾಲೊರಿಗೆ ಮೊದಲನೆಯದು ೩ ರೂಪಾಯಿ, ಎರಡನೆಯದು ೩ ರೂಪಾಯಿ ೧೨ ಪೈಸೆ ಬೀಳುವುದು. ಅಗ್ಗವೆಂದು ತಂದುದೇ ದುಬಾರಿಯಾಯಿತು. ಬೂದಿ ಬಳಿಯುವ ಶ್ರಮ ಬೇರೆ. ಹೊಸ ವ್ಯಾಪಾರಿಯಿಂದ ಒಮ್ಮೆಗೇ ಟನ್ನುಗಟ್ಟಲೆ ಕೊಳ್ಳದೆ ಎರಡು ಚೀಲ ತರಿಸಿ ಒಂದು ವಾರ ಉರಿಸಿ ನೋಡುವುದು, ಕಚ್ಚಾಮಾಲು ಯಾವುದೆಂದು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳುವುದು, ಚೀಲದ ಮೇಲಿನ ಸಂಖ್ಯೆಯನ್ನು ಗುರುತುಹಾಕಿಕೊಳ್ಳುವುದು, ಇಷ್ಟನ್ನು ಕಾರ್ಯದರ್ಶಿಗಳು ಕಡ್ಡಾಯ ಮಾಡಿದರೆ ಜಗಳವೇ ಏಳದು. ಒಂದೇ ಛಾಪಿನ ಕಾಳು ಕೂಡ ಸುಗ್ಗಿಯಲ್ಲಿ ಶೇಂಗಾ ಸಿಪ್ಪೆಯದಾಗಿದ್ದು ಬೇಸಗೆಯಲ್ಲಿ ಬೇರೆಯದಾಗಬಹುದು.

ಕೊನೆಯದಾಗಿ ಅಪಾಯದ ವಿಷಯ. ಹೊಗೆ ಕಾಣದಿದ್ದರೂ ಗಾಳಿ ಸಾಲದ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಒಲೆ ಸರಿಯಿಲ್ಲದ ದಿನಗಳಲ್ಲಿ ಅಡುಗೆಮನೆಯ ಕಿಟಕಿ ಬಾಗಿಲುಗಳನ್ನು ಮುಚ್ಚಲೇಬಾರದು. ಅಡುಗೆಯವರಿಗೆ ತಲೆನೋವು, ಓಕರಿಕೆ, ತಲೆಸುತ್ತು ಬಂದರೆ ಕೂಡಲೇ ಹೊರಗೆ ಕರೆತಂದು ಒಲೆಯನ್ನು ನಿಲ್ಲಿಸಬೇಕು. ಚಳಿಗಾಲದಲ್ಲಿ ಉಳಿದ ಕೆಂಡವನ್ನು ಮಕ್ಕಳು ಮಲಗುವ ಕೋಣೆಗೆ ಒಯ್ಯುವುದನ್ನು ಪೂರ್ಣವಾಗಿ ನಿಷೇಧಿಸಬೇಕು. ಉರಿಯದೆ ರಾಶಿಯಾಗಿ ಬಿದ್ದ ಮರದ ಪೆಲೆಟಿನಿಂದಲೂ ಈ ಅನಿಲ ಹೊರಬೀಳುವುದುಂಟು: ೨೦೦೬ರಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಬಂದರಿನಲ್ಲಿ ಪೆಲೆಟ್ ಹೇರಿದ ಹಡಗಿನಿಂದ ಸರಕನ್ನು ಇಳಿಸುವಾಗ, ಉಗ್ರಾಣದ ಪಕ್ಕದ ಮೆಟ್ಟಿಲ ಗೂಡಿಗೆ ಇಳಿದ ನಾವಿಕನೊಬ್ಬನು ಇದರಿಂದ ಪ್ರಾಣ ಬಿಟ್ಟನು. ನಮ್ಮ ಹತ್ತಾರು ಚೀಲಗಳಿಂದ ಅಷ್ಟು ಭಯವಿಲ್ಲ. ಆದರೂ ದಾಸ್ತಾನಿನ ಕೋಣೆಗೆ ಗಾಳಿ ಆಡುವಂತಿರಬೇಕು, ಚೀಲಗಳನ್ನು ನೆಲದಿಂದ ಎತ್ತರದ ಹಲಗೆಗಳ ಮೇಲೆ ಒಟ್ಟಬೇಕು.

ಆರಿದ ಒಲೆಯನ್ನು ಸೀಮೆಎಣ್ಣೆ ಹಾಕಿ ಹೊತ್ತಿಸಕೂಡದು. ಬಟ್ಟಲಿನಲ್ಲಿ ಹೊಗೆ ತುಂಬಿದ್ದಾಗ ಕಿಡಿ ತಾಗಿದರೆ ಜ್ವಾಲೆಯು ಒಮ್ಮೆಲೇ ಹೊರಕ್ಕೆ ನುಗ್ಗಿ ಮುಖ ಸುಡುವುದು. ಉರಿಯುತ್ತಿರುವಾಗ ತೊಟ್ಟಿಯ ಮುಚ್ಚಳವನ್ನು ತೆರೆದಿಡಬಾರದು. ಬೆಂಕಿಯು ತಿರುಪಿನ ದಾರಿಯಿಂದ ಹಿಂದಕ್ಕೆ ನಡೆದು ತೊಟ್ಟಿಯನ್ನು ಸೇರುವ ಸಂಭವವುಂಟು. ಬೂದಿಯೊಳಗಿನ ಕಿಡ ಮರುದಿನದವರೆಗೂ ಜೀವವಿಟ್ಟುಕೊಂಡಿರುವುದರಿಂದ ಅದನ್ನು ಮುಚ್ಚಳವುಳ್ಳ ಕಬ್ಬಿಣದ ಡಬ್ಬಿಯಲ್ಲಿಯೇ ತುಂಬಬೇಕು, ಪ್ಲಾಸ್ಟಿಕ್ ಬಕೆಟ್ಟಿನಲ್ಲಾಗಲಿ ಗೋಣಿಚೀಲದಲ್ಲಾಗಲಿ ಅಲ್ಲ. ತಣಿದ ಪುಡಿಬೂದಿಯನ್ನು ಶಾಲೆಯ ತೋಟದ ಗೊಬ್ಬರದ ಗುಂಡಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಕಿಟ್ಟವನ್ನು ಮಾತ್ರ ಬೇರೆ ಹೆಕ್ಕಿ ಆಳವಾಗಿ ಹೂಳಿಸಬೇಕು. ಗಾಜಿನ ಚೂರಿನಂತೆ ಅದು ತೋಟದಲ್ಲಿ ಬರಿಗಾಲಿನಲ್ಲಿ ಓಡಾಡುವ ಮಕ್ಕಳ ಕಾಲನ್ನು ಕೊಯ್ಯುವುದು.